ಆರನೇ ಗೇಟಿನ ಹಾಳೆ

ನಮ್ಮ ತಂಡ ಸೆಮಿಫೈನಲ್ ಗೆದ್ದ ಮರುದಿನ ಬೆಳಿಗ್ಗೆ ನನ್ನ ಗಂಡ ವಿಲ್ಫ್, ಅಡುಗೆಮನೆಯ ಬೀರುವಿನ ಮೇಲಿದ್ದ ಟೋಕನ್ ಹಾಳೆಯನ್ನು ಕೈಗೆತ್ತಿಕೊಂಡ. ಕನ್ನಡಕ ಏರಿಸಿ, ಒಂದೊಂದು ಚೌಕದ ಮೇಲೂ ಬೆರಳಿಟ್ಟು ನೋಡಿದ.

"ಮೂವತ್ತರಲ್ಲಿ ಇಪ್ಪತ್ತೆಂಟು! ಫೈನಲ್ ಟಿಕೆಟ್‌ಗೆ ಇಪ್ಪತ್ತೈದಿದ್ರೆ ಸಾಕು ಅಂತ ಪೇಪರ್‌ನಲ್ಲಿ ಹಾಕಿದಾರೆ. ಭೇಷ್ ಕಣೇ ಎನಿಡ್. ನನಗೋಸ್ಕರ ಎಷ್ಟು ಅಚ್ಚುಕಟ್ಟಾಗಿ ಕೂಡಿಟ್ಟಿದೀಯ!"

ನಾನು ಮೊಟ್ಟೆ ಹುರಿಯುತ್ತಿದ್ದೆ. 'ನನಗೋಸ್ಕರ' ಎಂದದ್ದು ಕೇಳಿಸಿತು. ಮೊಟ್ಟೆಯನ್ನು ಮಗುಚಿ ಹಾಕಿದೆ, ಅಷ್ಟೇ.

ನಮ್ಮ ಬ್ರಾಕ್‌ಶಾ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲ ಅದು. ಆ ವರ್ಷವೇ ನಮ್ಮ ರೋವರ್ಸ್ ಫುಟ್‌ಬಾಲ್ ತಂಡ ಯಾರಿಗೂ ಹೇಳದೆ ಕೇಳದೆ ಗೆಲ್ಲತೊಡಗಿ, ಕಪ್ ಫೈನಲ್‌ವರೆಗೆ ಹೋಗಿಬಿಟ್ಟಿತು. ಹಿಂದೆ ಹೋಗಿದ್ದು ನಾನು ಹುಟ್ಟುವ ಮೊದಲು. ಫೈನಲ್ ನಡೆಯುವ ಲಂಡನ್ನಿನ ವೆಂಬ್ಲಿಗೆ ಹೋಗಬೇಕೆಂದು ಊರಿಗೆ ಊರೇ ತುದಿಗಾಲಲ್ಲಿ ನಿಂತಿತ್ತು. ಕ್ಲಬ್ಬಿನ ಪಾಲಿಗೆ ಬಂದ ಟಿಕೆಟ್ ಊರಿನ ಕಾಲು ಭಾಗಕ್ಕೂ ಸಾಲದು. ಇಂಥ ದಿನಕ್ಕೆಂದೇ ಟೋಕನ್ನಿನ ಪದ್ಧತಿ ಇತ್ತು. ನಮ್ಮ ಮೈದಾನದಲ್ಲಿ ನಡೆಯುವ ಪ್ರತಿ ಪಂದ್ಯದ ದಿನ ಒಳಗೆ ಮಾರುವ ಪುಸ್ತಿಕೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ದೊಡ್ಡ ಟೋಕನ್ ಇರುತ್ತದೆ. ಅದನ್ನು ಕತ್ತರಿಸಿ, ಆಗಸ್ಟ್‌ನಲ್ಲಿ ಕ್ಲಬ್ ಕೊಡುವ ಹಾಳೆಗೆ ಅಂಟಿಸಬೇಕು. ಮಳೆಯಲ್ಲಿ, ಮುನ್ನೂರು ಜನರೂ ಬಾರದ ಎರಡನೇ ತಂಡದ ಪಂದ್ಯಗಳಿಗೂ ಟೋಕನ್ ಉಂಟು. ಗೆದ್ದಾಗ ಮಾತ್ರ ಬರುವವರನ್ನು ಜರಡಿ ಹಿಡಿಯುವುದಕ್ಕೆ ಅದು. ಒಂದು ಹಾಳೆಗೆ ಒಂದೇ ಟಿಕೆಟ್.

ವಿಲ್ಫ್ ಕೆಟ್ಟವನಲ್ಲ. ಪುಸ್ತಿಕೆ ಪೇಪರ್ ಅಂಗಡಿಯಲ್ಲಿ ಸಿಗುತ್ತದೆ ಎಂದುಕೊಂಡಿದ್ದ. ದಿನಸಿ ಅಂಗಡಿಯವರು ಕೊಡುವ ಹಸಿರು ಸ್ಟಾಂಪುಗಳನ್ನು ನಾನು ಪುಸ್ತಕಕ್ಕೆ ಅಂಟಿಸಿ, ತುಂಬಿದಾಗ ಅದನ್ನು ಕೊಟ್ಟು ಒಮ್ಮೆ ಟೋಸ್ಟರ್, ಒಮ್ಮೆ ಕಂಬಳಿ ತಂದಿದ್ದೆನಲ್ಲ, ಇದೂ ಹಾಗೆಯೇ ಮನೆಗಾಗಿ ಕೂಡಿಟ್ಟದ್ದು ಎಂದು ಅವನ ಲೆಕ್ಕ. ಶನಿವಾರ ಮಧ್ಯಾಹ್ನ ಅವನು ಗುಡ್ಡದ ಮೇಲೆ ತಾನು ಸಾಕಿದ ಪಾರಿವಾಳಗಳ ಗೂಡಿಗೆ ಹೋಗುತ್ತಿದ್ದ. ನಾನು ಗೆಳತಿ ಹಿಲ್ಡಾಳ ಜೊತೆ "ಸ್ವಲ್ಪ ಪೇಟೆ ಕಡೆ" ಹೋಗುತ್ತಿದ್ದೆ. ಕೆಲವೊಮ್ಮೆ ಆಟ ನೋಡುತ್ತೇವೆಂದು ಅವನಿಗೆ ಗೊತ್ತಿತ್ತು. ಎಲ್ಲ ಆಟವನ್ನೂ ನೋಡುತ್ತೇವೆಂದು ನಾನೂ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗ ಕೇಳಿಕೊಂಡರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಮೊದಲ ಸಲ ಆಟಕ್ಕೆ ಕರೆದುಕೊಂಡು ಹೋಗಿದ್ದ. ಮದುವೆಯಾದ ಮೇಲೆ ಎಂಟು ವರ್ಷ ಬಿಟ್ಟಿದ್ದೆ. ಒಂದು ಶನಿವಾರ ಈರುಳ್ಳಿ ತರಲು ಹೋದವಳು, ಮೈದಾನದ ಒಳಗಿಂದ ಬಂದ ಗದ್ದಲ ಕೇಳಿ, ಚೀಲ ಹಿಡಿದುಕೊಂಡೇ ಆರನೇ ಗೇಟು ದಾಟಿದೆ. ಅಲ್ಲಿಂದ ಮುಂದೆ, ನಿಂತು ಆಟ ನೋಡುವವರು ಒರಗಲೆಂದು ಮೆಟ್ಟಿಲುಗಳಲ್ಲಿ ಹಾಕಿದ್ದ ಕಬ್ಬಿಣದ ಅಡ್ಡಕಂಬಿಗಳಲ್ಲಿ ಮೂರನೆಯದು ನನ್ನದಾಯಿತು. ಅಲ್ಲಿ ನಿಂತರೆ ನಾನು ಯಾರ ಹೆಂಡತಿಯೂ ಅಲ್ಲ, ಶಾಲೆಯ ಅಡುಗೆಮನೆಯಲ್ಲಿ ಆಲೂಗೆಡ್ಡೆ ಕಿವುಚುವವಳೂ ಅಲ್ಲ. ಅಲ್ಲಿ ನಾನು ಕೂಗುತ್ತಿದ್ದೆ. ರೆಫ್ರಿಯನ್ನು ಬೈಯುತ್ತಿದ್ದೆ. ನನ್ನ ದನಿ ಅಷ್ಟು ದೊಡ್ಡದೆಂದು ಮನೆಯಲ್ಲಿದ್ದಾಗ ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಆ ಸುಖವನ್ನು ಬಿಡಿಸಿ ಹೇಳಿದರೆ ಅದು ಚಿಕ್ಕದಾಗಿಬಿಡುತ್ತದೆ ಎಂಬ ಭಯವೋ ಏನೋ.

ಹಾಳೆಯ ತಲೆಯ ಮೇಲೆ ಇದ್ದದ್ದು ಅವನ ಹೆಸರು. ಅದು ನನ್ನದೇ ಕೈತಪ್ಪು. ಬಾಡಿಗೆ ಪುಸ್ತಕ, ಗ್ಯಾಸಿನ ಬಿಲ್ಲು, ಕಲ್ಲಿದ್ದಲಿನ ಚೀಟಿ, ಗ್ರಂಥಾಲಯದ ಕಾರ್ಡು, ಎಲ್ಲದರ ಮೇಲೂ ಇಪ್ಪತ್ಮೂರು ವರ್ಷ 'ಡಬ್ಲ್ಯು. ಟ್ಯಾಟರ್ಸಾಲ್' ಎಂದು ಬರೆದ ಕೈ ಇದು. ನಮ್ಮ ಬೀದಿಯ ಹೆಂಗಸರೆಲ್ಲ ಹಾಗೆಯೇ ಬರೆಯುತ್ತಿದ್ದರು. ಆಗಸ್ಟ್‌ನಲ್ಲಿ ಹಾಳೆ ಕೊಟ್ಟಾಗಲೂ ಕೈ ತನ್ನಷ್ಟಕ್ಕೆ ಅದನ್ನೇ ಬರೆದು, ಕೆಳಗೆ 'ಗೇಟು: ೬' ಎಂದು ತುಂಬಿತ್ತು.

ವಿಲ್ಫ್ ಅದೇ ಸಂಜೆ ಎದುರುಮನೆಯ ಆಲ್ಬರ್ಟ್‌ಗೆ ತಾನೂ ಬರುತ್ತೇನೆಂದು ಹೇಳಿ ಬಂದ. ಅವರ ಕಾರ್ಖಾನೆಯ ಗಂಡಸರಿಗಾಗಿ ವೆಂಬ್ಲಿಗೆ ಬಸ್ಸು ಗೊತ್ತುಮಾಡುತ್ತಿದ್ದವನು ಆಲ್ಬರ್ಟ್.

ಹಿಲ್ಡಾಗೆ ವಿಷಯ ಗೊತ್ತಾದಾಗ ಅವಳು ತನ್ನ ಉಲ್ಲನ್ ಅಂಗಡಿಯ ಕೌಂಟರಿನ ಮೇಲೆ ಕೈ ಬಡಿದಳು.

"ಫೆಬ್ರವರಿಯಲ್ಲಿ ಆಲಿಕಲ್ಲು ಬೀಳ್ತಾ ಇತ್ತಲ್ಲ, ಆವತ್ತು ನಿನ್ನ ವಿಲ್ಫ್ ಎಲ್ಲಿದ್ದ? ಪಾರಿವಾಳದ ಕೈ ಹಿಡ್ಕೊಂಡು ಕೂತಿದ್ನಾ?"

"ಪಾರಿವಾಳಕ್ಕೆ ಕೈ ಇರಲ್ಲ ಹಿಲ್ಡಾ."

"ನಿನಗೂ ಇಲ್ಲ ಅನ್ಸುತ್ತೆ. ಇದ್ದಿದ್ರೆ ಹಾಳೆ ಕಿತ್ಕೋತಿದ್ದೆ."

"ಅವನ ಹೆಸರಿದೆ ಅದರ ಮೇಲೆ."

"ನನ್ನ ಹಾಳೆ ಮೇಲೆ ಯಾರ ಹೆಸರಿದೆ ಗೊತ್ತಾ? ನಂದು. ನನ್ನ ಗಂಡ ಸತ್ತು ಆರು ವರ್ಷ ಆದ್ಮೇಲೆ ಅವನ ಹೆಸರು ಬರೆಯೋದು ಬಿಟ್ಟೆ. ನೀನೂ ಅಲ್ಲೀವರೆಗೆ ಕಾಯ್ತೀಯಾ?"

ನಕ್ಕೆ. ಆದರೆ ಮನೆಗೆ ಬಂದು ಏನೂ ಹೇಳಲಿಲ್ಲ. ಹನ್ನೊಂದು ದಿನ ಹೇಳಲಿಲ್ಲ. ಪ್ರತಿದಿನ ಪಾತ್ರೆ ತೊಳೆಯುವಾಗ ಮೊದಲ ವಾಕ್ಯ ಕೂಡಿಸಿಕೊಳ್ಳುತ್ತಿದ್ದೆ. ತಟ್ಟೆ ಒರೆಸುವಷ್ಟರಲ್ಲಿ ಅದು ಮುರಿದುಹೋಗುತ್ತಿತ್ತು. ಅವನು ಅಷ್ಟು ಖುಷಿಯಾಗಿದ್ದ. ಹಳೆಯ ಸ್ಕಾರ್ಫ್ ಹುಡುಕಿ ತೆಗೆದು, ಅದರ ಹುಳು ತಿಂದ ತೂತು ಹೊಲಿದುಕೊಡು ಎಂದ. ಹೊಲಿದುಕೊಟ್ಟೆ. ಹೊಲಿಯುತ್ತ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಅಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದ ನನ್ನ ಬೆರಳುಗಳ ಮೇಲೆ.

ಆ ವರ್ಷ ಹೆಂಡದಂಗಡಿಗಳಲ್ಲಿ ಟೋಕನ್ ವ್ಯಾಪಾರ ನಡೆಯುತ್ತಿದೆ ಎಂದು ಗುಲ್ಲಾಗಿತ್ತು. ಅದಕ್ಕೇ ಕ್ಲಬ್ಬಿನವರು ಟಿಕೆಟ್ ಕೊಡುವ ಭಾನುವಾರ ಆಫೀಸಿನ ಗುಮಾಸ್ತರನ್ನು ಬಿಟ್ಟು, ಗೇಟು ಕಾಯುವವರನ್ನೇ ಕಿಟಕಿಗಳಲ್ಲಿ ಕೂರಿಸಿದರು. ಯಾರ ಹಾಳೆಯಲ್ಲಿ ಯಾವ ಗೇಟೋ ಅವರು ಆ ಗೇಟಿನವನ ಕಿಟಕಿಗೇ ಹೋಗಬೇಕು. ವರ್ಷಗಟ್ಟಲೆ ಒಂದೇ ತೂತಿನಿಂದ ಜನರನ್ನು ನೋಡಿದವನಿಗೆ ಮುಖಗಳೆಲ್ಲ ಗೊತ್ತು.

ವಿಲ್ಫ್ ಬೆಳಗಾಗುವ ಮೊದಲೇ ಹೋಗಿ ಸಾಲಿನಲ್ಲಿ ನಿಂತ. ಒಂಬತ್ತೂವರೆಗೆ ನಾನು ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋದೆ. ಸಾಲು ಗ್ಯಾಸ್ ಕಾರ್ಖಾನೆಯ ಗೋಡೆಯವರೆಗೆ ಬೆಳೆದಿತ್ತು. ಹಿಲ್ಡಾ ನಡುವೆ ಎಲ್ಲೋ ನಿಂತಿದ್ದಳು. ನನ್ನನ್ನು ನೋಡಿ, "ಚಹಾ ಕೊಡೋಕೆ ಬಂದ್ಯಾ? ಬಿಸ್ಕತ್ತೂ ತಂದಿರ್ಬೇಕಲ್ಲ!" ಎಂದು ಮುಖ ತಿರುಗಿಸಿದಳು.

ನಾನು ಸಾಲಿನುದ್ದಕ್ಕೂ ಕಟ್ಟಿದ್ದ ಹಗ್ಗದ ಆಚೆ ನಿಂತೆ. ಹತ್ತೂಕಾಲಿಗೆ ವಿಲ್ಫ್ ಆರನೇ ಕಿಟಕಿ ತಲುಪಿದ. ಒಳಗೆ ನಮ್ಮ ಗೇಟು ಕಾಯುವ ಪಿಲ್ಲಿಂಗ್ ಕೂತಿದ್ದರು. ದಪ್ಪ ಮೀಸೆಯ, ಸದಾ ನೆಗಡಿಯ ಮುದುಕ.

"ಯಾರ ಹಾಳೆ ಇದು?"

"ನಂದೇ. ಟ್ಯಾಟರ್ಸಾಲ್. ವಿಲ್ಫ್ರೆಡ್."

"ಆರನೇ ಗೇಟಾ?"

"ಬರೆದಿದೆಯಲ್ಲ."

"ಬರೆದಿರೋದು ಕಾಣ್ಸುತ್ತೆ. ಹತ್ತೊಂಬತ್ತು ವರ್ಷದಿಂದ ಆ ಗೇಟಲ್ಲಿ ಕೂತಿದೀನಿ, ನಿಮ್ಮ ಮುಖ ಒಂದ್ಸಲನೂ ಕಂಡಿಲ್ಲ."

ಸಾಲಿನಲ್ಲಿ ಗುಸುಗುಸು ಎದ್ದಿತು. "ಎಲ್ಲಿ ಕೊಂಡ್ಕೊಂಡ್ಯಪ್ಪಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ವಿಲ್ಫ್‌ನ ಕತ್ತು ಕೆಂಪೇರಿತು. ಬಸ್ಸಿನಲ್ಲಿ ಕಂಡಕ್ಟರ್ ಬರದಿದ್ದರೆ ಹುಡುಕಿಕೊಂಡು ಹೋಗಿ ಟಿಕೆಟ್ ತೆಗೆದುಕೊಳ್ಳುವ ಮನುಷ್ಯ ಅವನು.

"ಕೊಂಡ್ಕೊಂಡಿಲ್ಲ ಸ್ವಾಮಿ. ನನ್ನ ಹೆಂಡ್ತಿ ಕೂಡ್ಸಿದ್ದು."

"ಹೆಂಡ್ತಿ ಎಲ್ಲಿಂದ ಕೂಡ್ಸಿದ್ರು?"

"ಅದು... ಅಂಗಡಿಯಿಂದ ಇರ್ಬೇಕು."

ಸಾಲಿಗೆ ಸಾಲೇ ನಕ್ಕಿತು. ಪುಸ್ತಿಕೆ ಮೈದಾನದ ಒಳಗಲ್ಲದೆ ಬೇರೆಲ್ಲೂ ಸಿಗದೆಂದು ಬ್ರಾಕ್‌ಶಾದ ಬೆಕ್ಕಿಗೂ ಗೊತ್ತು. ಪಿಲ್ಲಿಂಗ್ ನಗಲಿಲ್ಲ. ಪಕ್ಕದಲ್ಲಿದ್ದ ರದ್ದು ಮುದ್ರೆಯನ್ನು ಎತ್ತಿ ಮಸಿಯ ದಿಂಬಿಗೆ ಒತ್ತಿದರು.

"ಪಿಲ್ಲಿಂಗ್!"

ಅದು ನನ್ನ ದನಿ. ಮೂರನೇ ಅಡ್ಡಕಂಬಿಯಿಂದ ಆಚೆ ಗೋಲಿನವರೆಗೆ ಮುಟ್ಟುವ ದನಿ. ಎಲ್ಲರೂ ತಿರುಗಿದರು. ವಿಲ್ಫ್ ಕೂಡ, ಅಪರಿಚಿತಳನ್ನು ನೋಡುವಂತೆ ನೋಡಿದ. ಹಗ್ಗದ ಕೆಳಗೆ ನುಸುಳಿ ಕಿಟಕಿಗೆ ಹೋದೆ.

ಪಿಲ್ಲಿಂಗರ ಮುಖ ಅರಳಿತು. "ಅರೆ, ಹಸಿರು ಟೋಪಿ! ಇವತ್ತೇನು ಬರಿ ತಲೆ? ಇವರು ಯಾರು ನಿಮಗೆ?"

"ನನ್ನ ಗಂಡ."

"ಓಹೋ." ಅವರು ಹಾಳೆಯನ್ನೂ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನೋಡಮ್ಮಾ, ನೀವು ಬಂದಿದ್ದು ನನಗೆ ಗೊತ್ತು. ಮನೆಯವರಿಗೋಸ್ಕರ ಕೂಡ್ಸಿದ್ದು ಅಂತ ಒಂದು ಮಾತು ಹೇಳಿ, ಇವರಿಗೇ ಕೊಟ್ಬಿಡ್ತೀನಿ. ಹೆಸರೂ ಇವರದೇ ಇದೆ. ಯಾರೂ ಏನೂ ಅನ್ನಲ್ಲ."

ಒಳ್ಳೆಯ ಮನಸ್ಸಿನಿಂದ ತೆರೆದುಕೊಟ್ಟ ಬಾಗಿಲು ಅದು. ಒಂದು ಮಾತು ಸಾಕು: ವಿಲ್ಫ್‌ನ ಮಾನ ಉಳಿಯುತ್ತದೆ, ಟಿಕೆಟ್ಟೂ ಸಿಗುತ್ತದೆ, ನಾವು ಮನೆಗೆ ಹೋಗಿ ಊಟ ಮಾಡಬಹುದು. ಇಪ್ಪತ್ಮೂರು ವರ್ಷ ನಾನು ಇಂಥ ಬಾಗಿಲುಗಳಿಂದಲೇ ಓಡಾಡಿದವಳು. ನಾಲ್ಕು ಜನರ ಮುಂದೆ ಅವನ ಮಾತು ಮುರಿದವಳಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಹಾಳೆ ನನ್ನ ಕಣ್ಣ ಮುಂದೆಯೇ ಬಿದ್ದಿತ್ತು. ಹದಿನೇಳನೆಯ ಟೋಕನ್ ಮಳೆಗೆ ನೆನೆದು ಬಣ್ಣ ಬಿಟ್ಟಿತ್ತು; ಇಪ್ಪತ್ತೊಂದನೆಯದರ ಮೇಲೆ ಹಿಲ್ಡಾಳ ಕಡುಬಿನ ಜಿಡ್ಡಿತ್ತು. ಅವು ನಾನು ಬದುಕಿದ ಮಧ್ಯಾಹ್ನಗಳು. ಅವುಗಳನ್ನು ಇನ್ನೊಬ್ಬರವು ಎಂದು ಹೇಳುವುದು ಸುಳ್ಳು. ಆ ಸುಳ್ಳಿನಿಂದ ವಿಲ್ಫ್‌ಗೂ ಒಳ್ಳೆಯದಾಗುವುದಿಲ್ಲ ಎಂದು ಅಲ್ಲಿ ನಿಂತಾಗ ಅನ್ನಿಸಿತು.

"ಹಾಳೆ ನಂದು," ಎಂದೆ. "ಇಪ್ಪತ್ತೆಂಟಕ್ಕೂ ಹೋದವಳು ನಾನೇ. ಹೆಸರು ತಪ್ಪು ಬರೆದೆ. ಇವನು ಮೋಸ ಮಾಡಿಲ್ಲ, ಇವನಿಗೆ ಗೊತ್ತಿರ್ಲಿಲ್ಲ. ಟಿಕೆಟ್ ನನಗೆ ಬೇಕು."

ಹಾಳೆಯ ಮೇಲೆ ಕೈಯಿಟ್ಟೆ.

ಸಾಲಿನಿಂದ ಹಿಲ್ಡಾ, "ಮೂರನೇ ಕಂಬಿ! ನಾನು ಸಾಕ್ಷಿ!" ಎಂದು ಕಿರುಚಿದಳು. "ನಾವೂ!" ಎಂದು ಇನ್ನೂ ನಾಲ್ಕೈದು ದನಿಗಳು ಎದ್ದವು. ನನ್ನ ಬೆನ್ನ ಹಿಂದೆ ವರ್ಷಾನುಗಟ್ಟಲೆ ನಿಂತವರು, ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಪಿಲ್ಲಿಂಗ್ ಮೂಗು ಒರೆಸಿಕೊಂಡು, ಹಳೆಯ ಹೆಸರಿಗೆ ಅಡ್ಡಗೆರೆ ಎಳೆದು, ಪೆನ್ನನ್ನು ನನ್ನ ಕಡೆ ತಿರುಗಿಸಿದರು. 'ಎನಿಡ್ ಟ್ಯಾಟರ್ಸಾಲ್' ಎಂದು ಬರೆದೆ. ಟಿಕೆಟ್ ಕೈಗೆ ಬಂತು.

ವಾಪಸು ಬರುವಾಗ ವಿಲ್ಫ್ ಫ್ಲಾಸ್ಕನ್ನು ತಾನೇ ಹಿಡಿದುಕೊಂಡ. ಕಾಲುವೆಯ ಸೇತುವೆಯ ದಾರಿ ಹಿಡಿದೆವು. ಟಿಕೆಟ್ ಸಿಕ್ಕ ಸಂತೋಷವನ್ನು ಅವನು ಮಾತಾಡುವವರೆಗೆ ಮುಟ್ಟಬಾರದು ಎಂಬಂತೆ ನಡೆಯುತ್ತಿದ್ದೆ.

"ಅಂಗಡಿ ಅಂದ್ಬಿಟ್ನಲ್ಲ ನಾನು," ಎಂದ ಕೊನೆಗೆ.

"ಅಂದೆ."

"ಎಲ್ಲಾ ಶನಿವಾರನೂ ಹೋಗಿದ್ಯಾ?"

"ಬುಧವಾರಗಳೂ ಇದ್ವು."

ಅವನು ಸೇತುವೆಯ ಕಟ್ಟೆಗೆ ಒರಗಿ ನೀರು ನೋಡಿದ. "ಜನರ ಮುಂದೆ ಪೆದ್ದ ಆದೆ ಎನಿಡ್. ಕಳ್ಳ ಅಂದಿದ್ದಕ್ಕಿಂತ ಅದೇ ಹೆಚ್ಚು ಚುಚ್ತು. ಹೆಂಡ್ತಿ ಎಲ್ಲಿಗೆ ಹೋಗ್ತಾಳೆ ಅಂತ ಪಿಲ್ಲಿಂಗ್‌ಗೆ ಗೊತ್ತು, ನನಗೆ ಗೊತ್ತಿಲ್ಲ. ಮೊದಲೇ ಹೇಳ್ಬೇಕಿತ್ತು ನೀನು."

"ಹೇಳ್ಬೇಕಿತ್ತು," ಎಂದೆ. "ಹನ್ನೊಂದು ದಿನ ಟೈಮಿತ್ತು. ಧೈರ್ಯ ಸಾಲ್ಲಿಲ್ಲ."

"ನನ್ನ ಕಂಡ್ರೆ ಅಷ್ಟು ಭಯಾನಾ?"

"ನಿನ್ನ ಕಂಡ್ರೆ ಅಲ್ಲ. ಬೇಕು ಅಂತ ಕೇಳೋದು ಅಭ್ಯಾಸ ಇರ್ಲಿಲ್ಲ."

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಮೊದಲು ನನಗೆ ಕೊಟ್ಟ. ಸ್ವಲ್ಪ ಆರಿತ್ತು. ಕುಡಿದೆ.

ನಮ್ಮ ಬೀದಿಗೆ ತಿರುಗಿದರೆ, ಆಲ್ಬರ್ಟ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬಸ್ಸಿನ ಪಟ್ಟಿ ಹಿಡಿದು ಕೂತಿದ್ದ.

"ಏನಯ್ಯಾ ವಿಲ್ಫ್, ಸಿಕ್ತಾ? ಕಿಟಕಿ ಪಕ್ಕದ ಸೀಟು ನಿನಗೇ ಇಟ್ಟಿದೀನಿ!"

ನಾನು ನೆಲ ನೋಡಿದೆ. ವಿಲ್ಫ್ ನಿಂತ. ಹೊಲಿದುಕೊಟ್ಟ ಸ್ಕಾರ್ಫನ್ನು ಕತ್ತಿನಿಂದ ಬಿಚ್ಚಿ ಮಡಚಿದ.

"ಸಿಕ್ತು. ಎನಿಡ್‌ಗೆ ಸಿಕ್ತು."

"ಅಂದ್ರೆ?"

"ಅಂದ್ರೆ ಏನು ಅಂದ್ರೆ? ಇಪ್ಪತ್ತೆಂಟು ಪಂದ್ಯ ನೋಡಿದಾಳೆ ಅವಳು. ನಾನು ನೋಡಿದ್ದು ಬರೀ ಪಾರಿವಾಳ. ನನ್ನ ಹೆಸರು ಹೊಡೆದು ಅವಳದು ಬರ್ಕೋ."

ಆಲ್ಬರ್ಟ್ ತಲೆ ಕೆರೆದುಕೊಂಡ. "ಗಂಡಸರ ಬಸ್ಸು ಕಣಯ್ಯಾ ಅದು. ಬಿಯರ್ ಇರುತ್ತೆ, ಹಾಡು ಇರುತ್ತೆ, ಮಾತು ಹೇಗ್ಹೇಗೋ..."

"ಹಾಡು ನನಗೂ ಬರುತ್ತೆ ಆಲ್ಬರ್ಟ್," ಎಂದೆ. "ಎರಡನೇ ಚರಣನೂ ಬರುತ್ತೆ. ನಿಮ್ಮಲ್ಲಿ ಒಬ್ಬರಿಗಾದ್ರೂ ಬರುತ್ತಾ?"

ವಿಲ್ಫ್ ನಕ್ಕ. ಆ ಬೆಳಿಗ್ಗೆಯ ಮೊದಲ ನಗು. "ಅವಳ ದನಿ ನೀನಿನ್ನೂ ಕೇಳಿಲ್ಲ," ಎಂದ, ತಾನೇನೋ ವರ್ಷಗಳಿಂದ ಕೇಳಿದವನ ಹಾಗೆ. "ನಾನೂ ಇವತ್ತೇ ಕೇಳಿದ್ದು. ಗ್ಯಾಸ್ ಕಾರ್ಖಾನೆ ಗೋಡೆ ನಡುಗ್ತು." ನಮ್ಮ ಬಾಗಿಲಿನ ಬೀಗ ತೆಗೆಯುತ್ತ, "ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ ಕೇಳ್ಕೊಂಡು ಬಾ. ಅವತ್ತು ಬುತ್ತಿ ಕಟ್ಟೋಕೆ ನಾನು ಏಳ್ಬೇಕಲ್ಲ!" ಎಂದು ನನಗೆ ಕೂಗಿ ಹೇಳಿದ.

ಆಲ್ಬರ್ಟ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ನಾಲಿಗೆಗೆ ತಾಗಿಸಿದ.

"ಐದೂವರೆ," ಎಂದ. "ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ತಡ ಮಾಡಿದ್ರೆ ಬಿಟ್ಟು ಹೋಗ್ತೀವಿ."