ಎಣ್ಣೆ ಕಲೆಯಿಲ್ಲದ ಬಟ್ಟೆ

"ನಾನು ಕೈಹಾಕಿದ ಗಾಡಿ ಮೊದಲು ನನ್ನನ್ನ ಹೊರಬೇಕು. ಆಮೇಲೇ ಮಗಳು ಕೂರೋದು. ಸಾಕಾ?" ಎಂದು ಮೇಸ್ತ್ರಿ ತನ್ನ ಹೆಂಡತಿಗೆ ಮಾತು ಕೊಟ್ಟಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವತ್ತು ಯಾರದೋ ಕಾರಿನ ಬ್ರೇಕು ಬಿಚ್ಚಿ ಜೋಡಿಸಿ, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಬೀದಿಯ ತುದಿಯವರೆಗೆ ಹೊರಟಿದ್ದ. ಪೆಡಲು ಒತ್ತಿದರೆ ಕಾಲು ನೆಲಕ್ಕೇ ಹೋಯಿತು. ಎದುರಿಗೆ ಮರಳಿನ ರಾಶಿ ಇದ್ದುದರಿಂದ ಬದುಕಿದರು. ಮಗುವಿನ ತುಟಿ ಸೀಳಿತ್ತು. ಹೆಂಡತಿ ಕೂಗಾಡಲಿಲ್ಲ, ಅಳಲಿಲ್ಲ. ಒದ್ದೆ ಬಟ್ಟೆಯಿಂದ ಮಗುವಿನ ತುಟಿ ಒತ್ತಿ ಹಿಡಿದು ಅವನ ಮುಖವನ್ನೇ ನೋಡಿದಳು. ಆ ನೋಟಕ್ಕೆ ಕೊಟ್ಟ ಮಾತು ಅದು.

ಈಗ ಆ ಮಗಳು ಅಪ್ಪನ ಶೆಡ್ಡಿನಲ್ಲಿ ಅಪ್ಪನಿಗಿಂತ ಜೋರಾಗಿ ಸ್ಪ್ಯಾನರು ತಿರುಗಿಸುತ್ತಾಳೆ. ಮುಟ್ಟಿದರೆ ಸಿಡಿಯುವ ಮಾತು ನೋಡಿ ಅಪ್ಪ ಅವಳಿಗಿಟ್ಟ ಹೆಸರು ಚಿನಕುರುಳಿ. ತುಟಿಯ ಗೆರೆ ನಕ್ಕಾಗ ಮಾತ್ರ ಎದ್ದು ಕಾಣುತ್ತದೆ.

ಗುಜರಿಯಿಂದ ಎಳೆದು ತಂದ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರಿನ ಮೇಲೆ ಅವಳ ಜೀವ. ಎರಡೇ ಬಾಗಿಲು, ಒಂದು ಬಿಳಿ, ಇನ್ನೊಂದು ಬೂದು. ಅದರಲ್ಲಿದ್ದ ಎರಡು ಪುಟ್ಟ ಟರ್ಬೊಗಳನ್ನು ಕಿತ್ತೆಸೆದು ಒಂದೇ ಒಂದು ದೊಡ್ಡದನ್ನು ಕೂರಿಸಿ, ಊರಾಚೆಯ ಹಳೆಯ ರನ್‌ವೇಯಲ್ಲಿ ನಡೆಯುವ ವೇಗದ ಓಟಕ್ಕೆ ಇಳಿಸಬೇಕೆಂಬುದು ಅವಳ ಹಟ. ಟರ್ಬೊ ಎಂದರೆ ಎಂಜಿನ್ನು ಉಗುಳುವ ಹೊಗೆಯಿಂದಲೇ ತಿರುಗಿ ಎಂಜಿನ್ನಿನ ಬಾಯಿಗೇ ಗಾಳಿ ತುರುಕುವ ಚಕ್ರ. ಅವಳು ತಂದದ್ದು ಬಸವನಹುಳುವಿನಂತೆ ಸುತ್ತಿಕೊಂಡ, ಎರಡು ಕೈಯಲ್ಲಿ ಎತ್ತಬೇಕಾದ ಗಟ್ಟಿ ಮಾಲು. ಅದಕ್ಕೆ ಜಾಗ ಮಾಡಲು ಬ್ಯಾಟರಿ ಡಿಕ್ಕಿಗೆ ಹೋಯಿತು, ರೇಡಿಯೇಟರು ಮುಂದಕ್ಕೆ ಸರಿಯಿತು, ಪೈಪುಗಳೆಲ್ಲ ಹೊಸದಾಗಿ ಬೆಸುಗೆಯಾದವು.

"ಇಲಿ ಹೊಟ್ಟೆಗೆ ಹೆಗ್ಗಣ ತುರುಕ್ತಿದೀರಲ್ರೀ ಅಪ್ಪ ಮಗಳು," ಎಂದಿದ್ದಳು ಹೆಂಡತಿ, ಟೀ ಲೋಟ ಇಡಲು ಬಂದವಳು.

ಮೇಸ್ತ್ರಿ ನಕ್ಕಿದ್ದ. ಒಳಗೆ ಮಾತ್ರ ಪುಕಪುಕ. ಸಣ್ಣ ಟರ್ಬೊ ಕಾಲಿಟ್ಟ ಕೂಡಲೇ ಎಚ್ಚರವಾಗುತ್ತದೆ. ದೊಡ್ಡದು ಹಾಗಲ್ಲ, ಮಲಗಿದ ಗೂಳಿ. ಒತ್ತಿದಷ್ಟೂ ಸುಮ್ಮನಿದ್ದು, ಇನ್ನೇನೂ ಇಲ್ಲ ಅನ್ನುವಾಗ ಎದ್ದು ಒದೆಯುತ್ತದೆ. ಓಟಕ್ಕೆ ಮುಂಚೆ ರನ್‌ವೇಯಲ್ಲಿ ಅದನ್ನು ಮೊದಲು ಓಡಿಸಬೇಕಾದವನು ತಾನು. ಮಾತು ಕೊಟ್ಟಾಗ ಮೊಣಕಾಲು ಗಟ್ಟಿ ಇದ್ದವು, ಕಣ್ಣು ಚುರುಕಾಗಿದ್ದವು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ. ಎಂಜಿನ್ನು ಬಿಚ್ಚಿದಾಗ ತೆರೆದ ಪೈಪಿನ ಬಾಯಿಗೆಲ್ಲ ಬಟ್ಟೆ ತುರುಕಬೇಕು, ನಟ್ಟು ಗಿಟ್ಟು ಒಳಗೆ ಬೀಳದಂತೆ. ನೀಲಿ ಹೂವಿನ ಹಳೆಯ ಚಾದರ ಹರಿದು ಮಾಡಿದ ಆ ಬಟ್ಟೆಗಳಿಗೆ ಗೋಡೆಯ ಹಲಗೆಯ ಮೇಲೆ ಒಂದೊಂದಕ್ಕೂ ಒಂದೊಂದು ಕೊಕ್ಕೆ. ಕೊನೆಯ ಕೊಕ್ಕೆ ಗಾಡಿಯ ಕೀಲಿಗೆ. ಬಟ್ಟೆಯ ಕೊಕ್ಕೆ ಒಂದು ಖಾಲಿಯಿದ್ದರೂ ಕೀಲಿ ಮುಟ್ಟುವಂತಿಲ್ಲ. ಮಗಳು ಅಕ್ಷರಕ್ಕಿಂತ ಮೊದಲು ಕಲಿತ ಪಾಠ ಇದು.

ಓಟದ ದಿನ ಬೆಳಗ್ಗೆ ಎಂಜಿನ್ನಿಗೆ ಒಂದು ಸಲ ಜೀವ ಕೊಟ್ಟರು. ಸೈಲೆನ್ಸರಿನ ತುದಿಯಿಂದ ನೀಲಿ ಹೊಗೆಯ ಎಳೆಯೊಂದು ಬಂತು.

"ಅಪ್ಪಾ, ಹೊಗೆ."

"ಹೊಸ ಗಂಟಲು, ಕೆಮ್ಮೇ ಕೆಮ್ಮುತ್ತೆ. ಜೋಡಿಸುವಾಗ ಸವರಿದ ಎಣ್ಣೆ ಸುಡ್ತಿದೆ ಅಷ್ಟೆ. ಆರಿಸು, ಸಾಕು."

ಅವಳು ಆರಿಸಿದಳು. ಕಾರನ್ನು ಟ್ರೇಲರಿಗೆ ಹತ್ತಿಸುವ ಹೊತ್ತಿಗೆ ಮೇಸ್ತ್ರಿ, "ಒಂದು ಕ್ಲಿಪ್ಪು ಸಡಿಲ ಅನ್ಸುತ್ತೆ, ಹೊಸದು ತರ್ತೀನಿ. ನಾನು ಬರೋವರೆಗೂ ಹೊರಡಬೇಡಿ," ಎಂದು ಬೈಕು ಹತ್ತಿದ. ಡ್ರಾಯರಿನ ತುಂಬ ಕ್ಲಿಪ್ಪುಗಳಿದ್ದವು. ಮೊದಲ ಅಂಗಡಿಯಲ್ಲಿ ಸಿಕ್ಕಿತು, ಆದರೂ ಎರಡನೆಯದಕ್ಕೆ ಹೋದ. ಅಲ್ಲಿ ಮಾತಿಗೆ ನಿಂತ. ಗೂಳಿಯ ಬೆನ್ನೇರುವ ಹೊತ್ತು ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು ಎನ್ನುವಂತೆ.

ಹಿಂದಿರುಗಿದಾಗ ಶೆಡ್ಡು ಖಾಲಿ. ಟ್ರೇಲರಿಲ್ಲ, ಕಾರಿಲ್ಲ. ಕಾರಿನ ಲೆಕ್ಕಾಚಾರವನ್ನು ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳುತ್ತಿದ್ದ, ಎಲ್ಲರೂ ಕನ್ನಡಕ ಎಂದೇ ಕರೆಯುವ ಮಗಳ ಗೆಳೆಯನೂ ಇಲ್ಲ. ಸರದಿ ಬೇಗ ಬಂದಿದೆಯಂತೆ, ಕಾದು ಕಾದು ಹೊರಟರಂತೆ. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು.

ಕೀಲಿಯ ಕೊಕ್ಕೆ ಬರಿದಾಗಿತ್ತು. ಉಳಿದವೆಲ್ಲ ತುಂಬಿದ್ದವು. ಸದ್ಯ, ಎಂದುಕೊಂಡು ತಿರುಗಿದವನು ಮತ್ತೆ ತಿರುಗಿ ನೋಡಿದ. ಕೊನೆಯ ಬಟ್ಟೆಯ ನೀಲಿ ಹೂವುಗಳು ಎದ್ದು ಕಾಣುತ್ತಿದ್ದವು. ಬೇರೆಲ್ಲ ಬಟ್ಟೆಗಳು ಎಣ್ಣೆ ಕುಡಿದು ಕರಿ ಹಿಡಿದಿದ್ದವು. ಇದರ ಮೇಲೆ ಒಂದು ಕಲೆಯೂ ಇಲ್ಲ.

"ಇದು ಎಲ್ಲಿಂದ ಬಂತು?"

"ಓ, ಅದಾ? ನೆನ್ನೆ ಕಸ ಗುಡಿಸುವಾಗ ಒಂದು ಕೊಕ್ಕೆ ಖಾಲಿ ಇತ್ತು. ಬೆಳಗ್ಗೆ ಎದ್ದು ಅದಕ್ಕೋಸ್ಕರ ಮನೆ ತಲೆಕೆಳಗೆ ಮಾಡ್ತೀರಿ ಅಂತ, ಉಳಿದ ಚಾದರದಲ್ಲಿ ಒಂದು ತುಂಡು ಹರಿದು ಸಿಕ್ಕಿಸ್ದೆ. ಯಾಕ್ರೀ, ಅಳತೆ ತಪ್ಪಾಯ್ತಾ?"

"ಇಲ್ಲ. ಅಳತೆ ಸರಿಯಾಗಿದೆ," ಎಂದ. ಬಟ್ಟೆಯನ್ನು ಜೇಬಿಗೆ ತುರುಕಿ ಮಗಳಿಗೆ ಫೋನು ಮಾಡಿದ. ಫೋನು ಕೆಲಸದ ಮೇಜಿನ ಮೇಲೇ ರಿಂಗಾಯಿತು. ಕನ್ನಡಕನಿಗೆ ಮಾಡಿದ, ಅವನೂ ಎತ್ತಲಿಲ್ಲ.

ಬೈಕಿನ ಮೇಲೆ ದಾರಿಯುದ್ದಕ್ಕೂ ಒಂದೊಂದೇ ಪೈಪಿನ ಬಾಯಿಯನ್ನು ನೆನಪಿನಲ್ಲಿ ತಡಕಿದ. ಗಾಳಿಯ ಪೈಪಿಗೆ ತಾನೇ ಬೆರಳು ಹಾಕಿ ನೋಡಿದ್ದ. ಹೊಗೆಯ ಕಡೆಯದಕ್ಕೆ ಟಾರ್ಚು ಬಿಟ್ಟಿದ್ದ. ಉಳಿದದ್ದು ಟರ್ಬೊದ ಅಡಿಯಿಂದ ಎಂಜಿನ್ನಿಗೆ ಎಣ್ಣೆ ಇಳಿಸುವ ಪೈಪು. ಅದನ್ನು ಜೋಡಿಸುವಾಗ ಮಗಳು ಕಾರಿನ ಕೆಳಗಿದ್ದಳು, ತಾನು ಮೇಲೆ. "ಅಪ್ಪಾ, ಇದರ ಬಟ್ಟೆ ತೆಗೆದ್ಯಾ?" ಎಂದು ಕೇಳಿದ್ದಳು. ತಾನು, "ಹ್ಞೂಂ, ಹ್ಞೂಂ," ಎಂದಿದ್ದ. ಮನಸ್ಸು ಗೂಳಿಯ ಒದೆತದಲ್ಲಿತ್ತು.

ಆ ಪೈಪು ಕಟ್ಟಿದ್ದರೆ ಮೇಲಿನಿಂದ ಬಂದ ಎಣ್ಣೆಗೆ ಇಳಿಯಲು ದಾರಿಯಿಲ್ಲ. ತುಂಬಿ ಉಕ್ಕಿ, ಕೆಂಡದಂತೆ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಬೆಳಗಿನ ಹೊಗೆ ಕೆಮ್ಮಾಗಿರಲಿಲ್ಲ. ಕಾರು ಕೂಗಿ ಹೇಳಿತ್ತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದ ತಾನು ನಗೆಯಾಡಿದ್ದ. ಒಂದು ಲಾರಿ ಎದುರಾಯಿತು, ಹಾರ್ನು ಬಾರಿಸಿತು, ಏನೋ ಬೈದಿತು. ಅದು ಯಾರಿಗೋ ಬೈದಂತೆ ಕೇಳಿಸಿತು.

ರನ್‌ವೇಯ ಬೇಲಿ ಮುಟ್ಟಿದಾಗ ಕಾರು ಗೆರೆಯ ಮೇಲೆ ನಿಂತಿತ್ತು. "ನಿಲ್ಲಿಸ್ರೋ!" ಎಂದು ಬೈಕು ಬೀಳಿಸಿ ಓಡಿದ. ಎಂಜಿನ್ನಿನ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ. ಬಾವುಟ ಇಳಿಯಿತು.

ಕಾರು ಸೋಮಾರಿಯಂತೆ ಹೊರಟಿತು. ಹೋಯಿತು, ಹೋಯಿತು, ಏನೂ ಆಗಲಿಲ್ಲ. ಆಮೇಲೆ ಟರ್ಬೊ ಎದ್ದಿತು. ಸಿಳ್ಳೆಯಂಥ ಸದ್ದು, ಹಿಂಬದಿ ಕುಳಿತಂತಾಗಿ ಕಾರು ಚಿಮ್ಮಿತು. ಅದರ ಬೆನ್ನಿಗೇ ನೀಲಿ ಹೊಗೆಯ ಗೋಡೆ. ಹೊಗೆಯೊಳಗೆ ಕಾರು ಮಾಯವಾಯಿತು.

ಮೇಸ್ತ್ರಿಯ ಚಪ್ಪಲಿ ಎಲ್ಲೋ ಬಿತ್ತು. ಕಾಲು ಓಡುತ್ತಿತ್ತು, ಉಳಿದ ಮೈ ಎಲ್ಲೋ ಹಿಂದಿತ್ತು. ಮುಂದೆ ಸದ್ದು ನಿಂತಿತು. ಎಂಜಿನ್ನು ಒಡೆಯಿತೋ, ಅವಳೇ ಆರಿಸಿದಳೋ? ಹೊಗೆ ತೆಳುವಾದಾಗ ರನ್‌ವೇಯ ಅಂಚಿನಲ್ಲಿ ಕಾರು ವಾರೆಯಾಗಿ ನಿಂತದ್ದು ಕಂಡಿತು. ಬಾನೆಟ್ಟಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ನಾಲಿಗೆಯೊಂದು ಹೊರಗೆ ಬಂದು ಒಳಗೆ ಹೋಯಿತು. ಬೂದು ಬಾಗಿಲು ತೆರೆಯಲಿಲ್ಲ. ಬಿಳಿಯದೂ ತೆರೆಯಲಿಲ್ಲ.

ಆಮೇಲೆ ಬಿಳಿ ಬಾಗಿಲು ತೆರೆಯಿತು. ಹೆಲ್ಮೆಟ್ಟಿನ ತಲೆಯೊಂದು ಕೆಮ್ಮುತ್ತಾ ಹೊರಬಿತ್ತು.

ಕನ್ನಡಕ ಬೆಂಕಿ ಆರಿಸುವ ಸಿಲಿಂಡರು ಹಿಡಿದು ಬಾನೆಟ್ಟಿನತ್ತ ಓಡಿದ. ಮೇಸ್ತ್ರಿ ಮಗಳ ಹೆಲ್ಮೆಟ್ಟು ಎಳೆದು ತೆಗೆದು ಹಣೆ, ಕೆನ್ನೆ, ತುಟಿ, ಕಿವಿ ಮುಟ್ಟಿ ಮುಟ್ಟಿ ನೋಡಿದ.

"ಅಪ್ಪಾ, ಗಾಡಿಗೆ ಬೆಂಕಿ ಬಿದ್ದಿದ್ರೆ ನನ್ನ ಕಿವಿ ಯಾಕೆ ಹಿಂಡ್ತೀಯಾ?" ಎಂದಳು. "ಕನ್ನಡಿಯಲ್ಲಿ ಹೊಗೆ ಕಂಡ ಕೂಡ್ಲೇ ಆರಿಸ್ದೆ. ಬೆಲ್ಟು ಬಿಚ್ಚೋಕೆ ಕೈ ಬರ್ಲಿಲ್ಲ."

ಕಬ್ಬಿಣ ತಣಿದ ಮೇಲೆ ಅಡಿಯ ಪೈಪು ಬಿಚ್ಚಿದರು. ಮೇಸ್ತ್ರಿ ಬೆರಳು ಹಾಕಿ ಎಳೆದ. ಎಣ್ಣೆ ಸುರಿಸುತ್ತಾ ಬಟ್ಟೆ ಹೊರಬಂತು. ಒಂದು ಮೂಲೆಯಲ್ಲಿ ನೀಲಿ ಹೂವು ಇನ್ನೂ ಉಳಿದಿತ್ತು.

"ಕೊಕ್ಕೆಯೆಲ್ಲ ತುಂಬಿತ್ತಲ್ಲಪ್ಪಾ," ಎಂದಳು ಚಿನಕುರುಳಿ. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ಎರಡು ಸಲ ನೋಡಿಯೇ ಕೀಲಿ ತಗೊಂಡೆ. ಆಣೆ."

ಜೇಬಿನಲ್ಲಿದ್ದ ಬಟ್ಟೆಯನ್ನು ಮೇಸ್ತ್ರಿ ಇನ್ನೂ ಒಳಕ್ಕೆ ಅದುಮಿದ. "ಗೊತ್ತು ಕಣೇ. ನಾನೇ ಹೊಸದೊಂದು ಹರಿದು ಸಿಕ್ಕಿಸಿಬಿಟ್ಟಿದ್ದೆ. ತೆಗೆದೆ ಅಂದವನೂ ನಾನೇ. ನಿನ್ನ ತಪ್ಪಿಲ್ಲ."

ಅವಳು ಅವನನ್ನೇ ನೋಡಿದಳು, ಅಮ್ಮನ ಹಾಗೆ.

"ಆ ಬಟ್ಟೆ ವಿಷಯ ಅಮ್ಮನಿಗೆ ಹೇಳಬೇಡ," ಎಂದಳು.

ಅಷ್ಟರಲ್ಲಿ ಫೋನು ಬಂತು. ಅವನು ಕಾರಿಗೆ ಬೆನ್ನು ಮಾಡಿ ನಿಂತು ಎತ್ತಿದ.

"ಏನ್ರೀ, ಮುಖ ಹುಳ್ಳಗೆ ಮಾಡ್ಕೊಂಡು ಹಂಗೆ ಓಡಿದ್ರಿ? ಓಡಿಸಿದ್ರಾ? ಮೊದಲು ನೀವೇ ಕೂತ್ರಿ ತಾನೇ?"

ಹೌದು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ," ಎಂದ. "ಅವಳೇ ಕೂತ್ಲು. ಬೆಂಕಿ ಹೊತ್ಕೊಂಡಿತ್ತು. ಆರಿಸಿದೀವಿ."

ಆಚೆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ತುಟಿ?" ಎಂದಳು.

"ಏನೂ ಆಗಿಲ್ಲ. ಎಲ್ಲೂ ಏನೂ ಆಗಿಲ್ಲ."

ಅವಳು ಫೋನಿಟ್ಟಳು. ಮಗಳು ಬದುಕಿದ್ದಳು. ಕೊಟ್ಟ ಮಾತನ್ನು ಮೇಸ್ತ್ರಿ ಉಳಿಸಿಕೊಂಡಿರಲಿಲ್ಲ.