ಡ್ರೈವರಣ್ಣನ ಸೊಂಟನೋವು

ಎದೆನೋವೆಂದು ಕುಳಿತ ಬಸ್ ಡ್ರೈವರ್ ಮತ್ತೆ ಏಳಲಿಲ್ಲ. ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುಬೆಳಿಗ್ಗೆ, ಎಂದಿನಂತೆ ನಲ್ಲಿಯಲ್ಲಿ ನೀರು ಬಂತು, ಹಾಲಿನವನು ಕೂಗಿದ. ಟೈಲರ್ ಕೆಲಸದ ಅವನ ಹೆಂಡತಿಗೆ ಎಂದಿನಂತೆ ಮುಟ್ಟಿನ ನೋವೂ ಬಂತು. ಬಾರದೆ ಹೋದದ್ದು, ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲಿಡುತ್ತಿದ್ದ ಆ ಕೈ.

ಅವಳೇ ನೀರು ಕಾಯಿಸಿದಳು. ಚೀಲದ ಮುಚ್ಚಳ ಅವನು ಬಿಗಿದಂತೆಯೇ ಇತ್ತು. ತಿರುಗಿಸಲು ಮನಸ್ಸು ಬರಲಿಲ್ಲ. ತಣ್ಣನೆಯ ಚೀಲವನ್ನೇ ಅಪ್ಪಿಕೊಂಡು ಗೋಡೆಗೊರಗಿ ಮುದುಡಿ ಕುಳಿತಳು.

ಮಾತಾಡಿಸಲು ಬಂದ ಪಕ್ಕದ ಮನೆಯ ನರ್ಸಕ್ಕ ಬಾಗಿಲಲ್ಲೇ ನಿಂತಳು. "ಇದು ನನ್ನ ಚೀಲ ಅಲ್ವಾ? ಸೀಟಲ್ಲಿ ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ ಅಂತ ಡ್ರೈವರಣ್ಣ ಇಸ್ಕೊಂಡು ಹೋಗಿದ್ರು. ನೋವು ಅವರದಲ್ಲ, ನಿಂದಾ?"

"ಯಾರಿಗೂ ಹೇಳ್ಬೇಡಿ ಅಂದಿದ್ದೆ ಅಕ್ಕ. ಅದಕ್ಕೇ ನನ್ನ ನೋವನ್ನ ಅವರ ಸೊಂಟದ ಮೇಲೇ ಹಾಕ್ಕೊಂಡ್ರು."

ಅತ್ತೆ ಒಳಗಿನಿಂದ ಬಂದಳು. "ಮುಟ್ಟಿನ ನೋವು ಯಾವ ಹೆಣ್ಣಿಗಿಲ್ಲ? ನಾನೂ ಹಲ್ಲು ಕಚ್ಚಿ ಕಳೆದವಳೇ."

"ಕಚ್ಚಿ ಕಚ್ಚಿ ಅಲ್ವಾ ದೊಡ್ಡಮ್ಮ, ಹಲ್ಲೆಲ್ಲ ಉದುರಿದ್ದು?" ಎಂದಳು ನರ್ಸಕ್ಕ.

ಅತ್ತೆಗೆ ನಗು ಬಂತು. ಇದು ನಗುವ ಹೊತ್ತಲ್ಲವೆಂದು ಸೆರಗು ಬಾಯಿಗಿಟ್ಟುಕೊಂಡಳು.

"ಎದ್ದು ಕೆಲಸ ಮಾಡಕ್ಕಾಗದಷ್ಟು ನೋವು ಮಾಮೂಲಲ್ಲ" ಎಂದು ನರ್ಸಕ್ಕ ಸೊಸೆಯ ಪಕ್ಕ ಕುಳಿತಳು. "ಕೋಟಿನ ಒಳಗೆ ಲೈನಿಂಗ್ ಹೊಲಿತೀಯಲ್ಲ, ಗರ್ಭಕೋಶದ ಒಳಗೂ ಹಾಗೇ ಒಂದು ಪದರ ಇರತ್ತೆ. ಮುಟ್ಟಾದಾಗ ಕಳಚಿ ಹೋಗತ್ತೆ. ಅದನ್ನ ಮತ್ತೆ ಬೆಳೆಸೋದು ಅಲ್ಲಿರೋ ಸ್ಟೆಮ್ ಸೆಲ್, ಅಂದ್ರೆ ಆಕರಕೋಶಗಳು. ಅಂಥದೇ ಪದರ ಗರ್ಭಕೋಶದ ಆಚೆ ಬೆಳೆದರೆ ಇಂಥ ನೋವು ಬರಬಹುದು, ಅದಕ್ಕೆ ಎಂಡೋಮೆಟ್ರಿಯೋಸಿಸ್ ಅಂತಾರೆ. ಮುಟ್ಟಿನ ರಕ್ತದ ಜೊತೆ ಹಿಂದಕ್ಕೆ, ಹೊಟ್ಟೆಯೊಳಗೆ ಹರಿದ ಆಕರಕೋಶಗಳೇ ಅಲ್ಲಿ ಬೇರುಬಿಡ್ತಾವೇನೋ ಅಂತ ವಿಜ್ಞಾನಿಗಳ ಅನುಮಾನ. ಇನ್ನೂ ಹುಡುಕ್ತಾನೇ ಇದ್ದಾರೆ."

"ಅದಕ್ಕೇ ನಮಗೆ ಮಗು ಆಗ್ಲಿಲ್ವಾ?"

"ಇರಬಹುದು. ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ."

ಮಗುವಾಗಲಿಲ್ಲವೆಂದು ಸೊಸೆಯನ್ನು ಎಷ್ಟೋ ಸಲ ಚುಚ್ಚಿದ್ದ ಅತ್ತೆ ತಲೆ ತಗ್ಗಿಸಿದಳು. ಆಮೇಲೆ, "ಸ್ಟೆಮ್ ಸೆಲ್ ಇಂಜೆಕ್ಷನ್ನು, ಒಂದೇ ಸಲಕ್ಕೆ ಗುಣ ಅಂತ ಮೊಬೈಲಲ್ಲಿ ಬರತ್ತಲ್ಲ, ಅದನ್ನೇ ಹಾಕ್ಸೋಣ" ಎಂದಳು.

"ಅದನ್ನ ನಂಬಬೇಡಿ. ಆ ಚಿಕಿತ್ಸೆ ಇನ್ನೂ ಸಂಶೋಧನೆಯಲ್ಲೇ ಇದೆ. ಈಗ ನೋವು ತಗ್ಗಿಸೋಕೆ ಮಾತ್ರೆ ಇದೆ, ಹಾರ್ಮೋನ್ ಔಷಧಿ ಇದೆ, ಬೇಕಾದ್ರೆ ಆಪರೇಷನ್ನೂ ಇದೆ. ಹೆಂಗಸರ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಇನ್ಯಾರಿಗೋಸ್ಕರ ಬರ್ಲಿ ಅಕ್ಕ?"

ಉತ್ತರ ಕೊಟ್ಟವಳು ಅತ್ತೆ. "ನಿಂಗೋಸ್ಕರ ಕಣೇ. ನನ್ನ ಮಗ ಸುಳ್ಳು ಹೇಳಿದ್ದು ಯಾರಿಗೋಸ್ಕರ?" ಚೀಲ ಇಸಿದುಕೊಂಡು, ಮಗ ಬಿಗಿದಿದ್ದ ಮುಚ್ಚಳವನ್ನು ತಾನೇ ತಿರುಗಿಸಿದಳು.

ಪರೀಕ್ಷೆಯಲ್ಲಿ ನರ್ಸಕ್ಕನ ಅನುಮಾನ ನಿಜವಾಯಿತು. ಔಷಧಿ ಶುರುವಾಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹೊಲಿಗೆ ಯಂತ್ರದ ಮುಂದೆ ಕೂರುವಷ್ಟು ತಗ್ಗಿತು. ಒಂದು ಸಂಜೆ ಅವಳು ಚೀಲವನ್ನು ಒರೆಸಿ, ಮುಚ್ಚಳವನ್ನು ಅವನಂತೆಯೇ ಬಿಗಿದು, ಪಕ್ಕದ ಮನೆಗೆ ಹೋದಳು.

"ಇನ್ನೂ ಇಟ್ಕೋಬಹುದಿತ್ತಲ್ಲ" ಎಂದಳು ನರ್ಸಕ್ಕ.

"ಬೇಡ ಅಕ್ಕ. ಅವರ ಸೊಂಟನೋವು ಕಮ್ಮಿಯಾಗಿದೆ." ಕೊಟ್ಟ ಮೇಲೂ ಅವಳ ಕೈ ಕೊಂಚ ಹೊತ್ತು ಚೀಲದ ಮೇಲೆಯೇ ಇತ್ತು.

ಅಕ್ಕತಂಗಿಯರೇ, ಮುಟ್ಟಿನ ನೋವು ನಿಮ್ಮನ್ನು ಹಾಸಿಗೆ ಹಿಡಿಸುತ್ತಿದ್ದರೆ ಬಾಯಿಬಿಟ್ಟು ಹೇಳಿ, ವೈದ್ಯರಿಗೆ ತೋರಿಸಿ. ಅಣ್ಣಂದಿರೇ, ಚೀಲ ತಂದುಕೊಟ್ಟದ್ದು ಒಳ್ಳೆಯದೇ; ಇರುವಾಗಲೇ ಆಸ್ಪತ್ರೆಗೂ ಜೊತೆಯಲ್ಲಿ ನಡೆಯಿರಿ.