ಪರದೆಯ ಹಿಂದೆ ಕೂತವರು ಯಾರು?

ನಮ್ಮ ಬೀದಿಯ ಕತ್ತರಿ ಅಣ್ಣನ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಿರಾಕಿಯ ತಲೆ ಅರ್ಧ ಮುಗಿಯುವಷ್ಟರಲ್ಲಿ ಕೈ ಜೇಬಿಗೆ ಹೋಗುತ್ತಿತ್ತು. ಫೋನಿನಲ್ಲಿ ಹಣ ಕಟ್ಟಿ ಆಡುವ ಚಕ್ರದ ಆಟ. ಮೊನ್ನೆ ಹಳೇ ಗಿರಾಕಿಯೊಬ್ಬರ ಕಿವಿಗೆ ರೇಜರ್ ತಗುಲಿತು. ಪಾಪ, ಅರ್ಧ ಗಡ್ಡದಲ್ಲೇ ಎದ್ದು ಹೋದರು. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಹೆಂಡತಿ ಟೈಲರಮ್ಮನಿಗೆ ನಿದ್ದೆಯಿಲ್ಲ.

"ರೀ, ಆ ಆಟ ಬಿಡಿ. ಜನ ಕಿವಿ ಮುಚ್ಚಿಕೊಂಡು ಅಂಗಡಿಗೆ ಬರೋ ಹಾಗಾಗಿದೆ."

"ನಿನಗೆ ತಿಳಿಯಲ್ಲ ಕಣೇ. ನಿನ್ನೆ ಕೂದಲೆಳೆಯಲ್ಲಿ ತಪ್ಪಿತು. ದಿನಾ ಹತ್ತಾರು ತಲೆ ನೋಡೋನು ನಾನು, ಒಂದು ಚಕ್ರದ ಮರ್ಮ ಗೊತ್ತಾಗಲ್ವಾ?"

ಅದೇ ವಾರ ಬೀದಿಯ ಮೂಲೆಗೆ ಒಂದು ದೊಡ್ಡ ಮರದ ಚಕ್ರ ಬಂತು, ಅದರ ಹಿಂದೆ ಒಂದು ಪರದೆ. ತಂದವರು ಚಿತ್ರ ಬರೆಯುವ ಒಬ್ಬ ಹೆಂಗಸು. ಎಲ್ಲರೂ ಬಣ್ಣದ ಮೇಡಂ ಅನ್ನುತ್ತಿದ್ದರು. ಚಕ್ರದ ಮೇಲೆ ಬೀದಿಯ ಮಕ್ಕಳೇ ಛತ್ರಿ, ಬೆಕ್ಕು, ಸೈಕಲ್ಲು ಬರೆದರು. ಪಣಕ್ಕೆ ಬಟ್ಟೆಯ ಗುಂಡಿ. ಗೆದ್ದವರಿಗೆ ಕಾಗದದ ಕಿರೀಟ, ಬೀದಿಯವರ ಚಪ್ಪಾಳೆ.

"ಯಾರು ಬೇಕಾದರೂ ಆಡಬಹುದು. ಯಾರು ಬೇಕಾದರೂ ಪರದೆ ಹಿಂದೆ ಕೂರಬಹುದು," ಎಂದು ಮೇಡಂ ಕೂಗಿ ಹೇಳಿದರು. ನಮ್ಮ ಅಣ್ಣ ಮೊದಲನೇ ಮಾತು ಮಾತ್ರ ಕೇಳಿಸಿಕೊಂಡ.

ಛತ್ರಿಯ ಮೇಲೆ ಗುಂಡಿ ಇಟ್ಟ. ಗೆದ್ದ. ಮತ್ತೆ ಇಟ್ಟ, ಮತ್ತೆ ಗೆದ್ದ. ತಲೆ ಮೇಲೆ ಕಿರೀಟ, ಮೀಸೆಯಡಿ ನಗು. ಆಮೇಲೆ ಚಕ್ರ ಛತ್ರಿಯ ಪಕ್ಕದ ಬೆಕ್ಕಿನ ಮೇಲೆ ನಿಂತಿತು. ಮುಂದಿನ ಸಲವೂ ಬೆಕ್ಕು. ಅದರ ಮುಂದಿನ ಸಲವೂ.

"ಈಗ ಛತ್ರಿ ಬರಲೇಬೇಕು," ಎನ್ನುತ್ತಾ ಇನ್ನೊಂದು ಹಿಡಿ ಗುಂಡಿ ತಂದ.

ಅಂಗಡಿಯಿಂದ ಒಬ್ಬ ಗಿರಾಕಿ ಮುಖದ ತುಂಬ ಸೋಪು ಹಚ್ಚಿಸಿಕೊಂಡೇ ಬಂದರು. "ಅಣ್ಣಾ, ನೊರೆ ಒಣಗಿಹೋಯ್ತು."

ಅಣ್ಣ ತಿರುಗಿಯೂ ನೋಡಲಿಲ್ಲ. ಗುಂಡಿಗಳು ಮುಗಿದಾಗ, "ಏನೋ ಮೋಸ ಇದೆ," ಎಂದು ಪರದೆ ಎಳೆದ.

ಒಳಗೆ ಸ್ಟೂಲಿನ ಮೇಲೆ ಅವನ ಹೆಂಡತಿ. ಅವಳ ಕಾಲು ಚಕ್ರಕ್ಕೆ ಜೋಡಿಸಿದ ಹೊಲಿಗೆ ಯಂತ್ರದ ಪೆಡಲ್ ಮೇಲಿತ್ತು. ಒತ್ತಿದರೆ ಚಕ್ರ ಬೇಕಾದ ಚಿತ್ರದ ಮೇಲೆ ನಿಲ್ಲುತ್ತಿತ್ತು.

"ನೀನಾ?"

"ಹೂಂ, ನಾನೇ. ಮೊದಲು ಗೆಲ್ಲಿಸಿ, ಆಮೇಲೆ ಪಕ್ಕದಲ್ಲಿ ನಿಲ್ಲಿಸಿ ಅಂತ ಮೇಡಂ ಹೇಳಿಕೊಟ್ಟರು."

"ಫೋನಿನ ಆಟದಲ್ಲಿ ಕಾಲಿನ ಬದಲು ಕಂಪ್ಯೂಟರ್," ಎಂದರು ಮೇಡಂ. "ಆಡ್ತಾ ಹೋದ ಹಾಗೆ ಲಾಭ ಆಟ ನಡೆಸೋರಿಗೇ ಹೋಗೋ ಹಾಗೆ ಲೆಕ್ಕ ಹಾಕಿರ್ತಾರೆ. ಕೂದಲೆಳೆಯಲ್ಲಿ ತಪ್ಪಿತು ಅನ್ನಿಸಿದರೆ ನೀವು ಮತ್ತೆ ಆಡ್ತೀರಿ, ಅವರಿಗೆ ಅಷ್ಟೇ ಬೇಕು."

ಟೈಲರಮ್ಮನ ಕಣ್ಣು ತುಂಬಿತ್ತು. "ಪರದೆ ಸಂದಿಯಲ್ಲಿ ನೀವು ಮತ್ತೆ ಮತ್ತೆ ಗುಂಡಿ ತರೋದು ಕಾಣ್ತಿತ್ತು. ಒಂದೇ ಒಂದು ಸಲ ಗೆಲ್ಲಿಸಿಬಿಡೋಣ ಅನ್ನಿಸ್ತು. ಫೋನಿನ ಹಿಂದೆ ಕೂತಿರೋರಿಗೆ ಹಾಗೆ ಅನ್ನಿಸಲ್ಲ ರೀ. ಅವರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ."

ಅಣ್ಣ ತಲೆ ಮೇಲಿನ ಕಿರೀಟ ತೆಗೆದ. ಆಮೇಲೆ ಫೋನ್ ಅವಳ ಕೈಗಿಟ್ಟ. "ಆಟ ನೀನೇ ತೆಗೆದುಹಾಕು. ಮತ್ತೆ ಮನಸ್ಸು ಎಳೆದರೆ?"

"ನನ್ನ ಕರೀರಿ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಸಲಹೆ ಕೊಡೋರಿದ್ದಾರೆ, ಇಬ್ಬರೂ ಹೋಗೋಣ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಚಡಪಡಿಸುತ್ತಿದ್ದಾರಾ? ಬೈಯಬೇಡಿ, ಮುಚ್ಚಿಡಲೂ ಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಆಡುತ್ತಿರುವವರು ನೀವೇ ಆದರೆ, ನೀವು ಸೋತರೆ ಸಂಕಟಪಡುವ ಒಬ್ಬರು ಮನೆಯಲ್ಲಿದ್ದಾರೆ. ಇವತ್ತೇ ಅವರ ಹತ್ತಿರ ಬಾಯಿಬಿಟ್ಟು ಹೇಳಿ.